ಸೊಲ್ಲು ಕೇಳುಗರದು

ಜನಪದ ಹಾಡಿನ ಮೇಲೆ ನಮಗಿರುವ ಪ್ರೀತಿಯನ್ನು ಇನ್ನೊಬ್ಬರಿಗೆ ದಾಟಿಸುವುದು ಹೇಗೆ? ಇವತ್ತಿನ ಮಾತೆಲ್ಲ ಇದೊಂದೇ ಪ್ರಶ್ನೆಯ ಸುತ್ತ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಯೋಚಿಸೋಣ. ತುಂಗೆ, ಭದ್ರೆಯರ ಸೀಮೆ ಇದು. ಅಡಿಕೆ, ಕಾಫಿ, ಭತ್ತದ ನೆಲ. ಇಲ್ಲಿ ಹಾಡಿಗೆ ಬರ ಇರಲಿಲ್ಲ. ಮದುವೆ ಮನೆಯಲ್ಲಿ ಸೋಬಾನೆ ಇತ್ತು. ಗದ್ದೆಯಲ್ಲಿ ನಾಟಿಯ ಪದ ಇತ್ತು. ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆ ಬರುತ್ತಿತ್ತು. ಕೆಲವು ಇನ್ನೂ ಇವೆ, ಕೆಲವು ತೆಳುವಾಗಿವೆ. ಈ ಹಾಡುಗಳನ್ನು ಹೊಸ ಕಿವಿಗಳಿಗೆ ಮುಟ್ಟಿಸಲು ಇಂದು ನಮಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಬಾನುಲಿ, ಇನ್ನೊಂದು ವೇದಿಕೆಯ ಕಾರ್ಯಕ್ರಮ. ನನ್ನ ವಾದ ಇಷ್ಟು. ಈ ಎರಡೂ ಜನಪದ ಹಾಡನ್ನು ಲಕ್ಷಾಂತರ ಜನರಿಗೆ ಕೇಳಿಸಿವೆ. ಆದರೆ ಕೇಳಿದವರನ್ನು ಹಾಡುವಂತೆ ಮಾಡಿದ್ದು ಕಡಿಮೆ. ಕಾರಣ, ಹಾಡಿನಲ್ಲಿ ಕೇಳುಗರ ಪಾಲಿಗೆ ಮೀಸಲಾಗಿದ್ದ ಭಾಗವನ್ನು ಎರಡೂ ತಮಗೆ ಅರಿವಿಲ್ಲದೆ ಕತ್ತರಿಸಿವೆ. ಆ ಭಾಗದ ಹೆಸರು ಸೊಲ್ಲು. ಅದನ್ನು ಕೇಳುಗರಿಗೆ ಮರಳಿ ಕೊಟ್ಟರೆ ಬಾನುಲಿಯೂ ವೇದಿಕೆಯೂ ಹಾಡು ಕಲಿಸುವ ಜಾಗಗಳಾಗುತ್ತವೆ.

ಮೊದಲು, ಹಾಡು ಒಬ್ಬರಿಂದ ಒಬ್ಬರಿಗೆ ಹೇಗೆ ಬಂತು ಎಂಬುದನ್ನು ನೋಡೋಣ. ಅಂಟಿಗೆ-ಪಂಟಿಗೆಯನ್ನೇ ತೆಗೆದುಕೊಳ್ಳಿ. ಅಂಟಿಕೆ-ಪಂಟಿಕೆ ಎನ್ನುವವರೂ ಇದ್ದಾರೆ. ದೀಪಾವಳಿಯ ರಾತ್ರಿಗಳಲ್ಲಿ ಗಂಡಸರ ಒಂದು ತಂಡ ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡಿದು ಊರೂರು ಹೊರಡುತ್ತದೆ. ದಾರಿಯಲ್ಲಿ ದೀಪ ಆರಬಾರದು. ಮನೆಯ ಮುಂದೆ ನಿಂತು, ಬಾಗಿಲು ತೆಗೆಯಿರೆಂದು ಹಾಡುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಕಾಣಿಕೆ ಕೊಡುತ್ತಾರೆ. ಬಲೀಂದ್ರನ ಕಥೆ ಹಾಡಿನಲ್ಲಿ ಬರುತ್ತದೆ. ಈಗ ಹಾಡುವ ಕ್ರಮವನ್ನು ಗಮನಿಸಿ. ಮುಂದಾಳು ಒಂದು ಸಾಲು ಎತ್ತುತ್ತಾನೆ. ಉಳಿದವರು ಅದನ್ನು ಹಿಡಿದು ಒಟ್ಟಾಗಿ ಹೇಳುತ್ತಾರೆ. ಮತ್ತೆ ಮತ್ತೆ ಮರಳಿ ಬರುವ ಈ ಭಾಗವೇ ಸೊಲ್ಲು. ಅದು ಎರಡು ಕೆಲಸ ಮಾಡುತ್ತದೆ. ಮುಂದಾಳಿಗೆ ಉಸಿರು ಎಳೆದುಕೊಳ್ಳಲು, ಮುಂದಿನ ಸಾಲು ನೆನೆದುಕೊಳ್ಳಲು ಬಿಡುವು ಕೊಡುತ್ತದೆ. ಹೊಸದಾಗಿ ತಂಡ ಸೇರಿದ ಹುಡುಗನಿಗೆ ಹಾಡಿನೊಳಗೆ ಒಂದು ಜಾಗ ಕೊಡುತ್ತದೆ. ಅವನಿಗೆ ಕಥೆ ಪೂರ್ತಿ ಬಾರದಿರಬಹುದು. ಸೊಲ್ಲು ಬಂದರೆ ಸಾಕು, ಅವನೂ ಹಾಡುವವನೇ. ರಾತ್ರಿಯೆಲ್ಲ ಮನೆಮನೆ ತಿರುಗುವಾಗ ಅದೇ ಧಾಟಿ ಎಷ್ಟೋ ಸಲ ಬಾಯಿಗೆ ಬರುತ್ತದೆ. ಹಬ್ಬ ಮುಗಿಯುವಷ್ಟರಲ್ಲಿ ಧಾಟಿ ಅವನದಾಗಿರುತ್ತದೆ. ನಾಲ್ಕಾರು ಹಬ್ಬ ಕಳೆದರೆ ಕಥೆಯೂ ಅವನದೇ. ಸೋಬಾನೆಯಲ್ಲೂ ಹೀಗೆಯೇ. ಹಸೆಗೆ ಕರೆಯುವಾಗ, ಆರತಿ ಎತ್ತುವಾಗ, ಹೆಣ್ಣು ಒಪ್ಪಿಸುವಾಗ ಹಿರಿಯ ಹೆಂಗಸೊಬ್ಬರು ಸಾಲು ಎತ್ತುತ್ತಾರೆ. ಉಳಿದವರು ಹಿಂದೆ ಹೇಳುತ್ತಾರೆ. ಆ ಹಿಂದೆ ಹೇಳುವವರ ನಡುವೆಯೇ ಮುಂದೆ ಸಾಲು ಎತ್ತುವವರು ತಯಾರಾಗುತ್ತಾರೆ. ಅಂದರೆ, ನಮಗೆ ಬೇಸರದ ಮರುಕಳಿಕೆಯಂತೆ ಕಾಣುವುದೇ ಇಲ್ಲಿ ಪಾಠ. ಬೇರೆ ಶಾಲೆ ಇರಲಿಲ್ಲ.

ಹಾಗಾದರೆ, ಹಾಡು ಸಾಗಿದ್ದು ಸೊಲ್ಲಿನ ಮೂಲಕ ಎಂದಾಯಿತು. ಇನ್ನು ಬಾನುಲಿ ಈ ಹಾಡಿಗೆ ಏನು ಕೊಟ್ಟಿತು ಎಂಬುದನ್ನು ನೋಡೋಣ. ಕೊಟ್ಟದ್ದು ಸಣ್ಣದಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದಿಂದ ಬಂದದ್ದು. ಮಲೆನಾಡಿಗೆ ಹತ್ತಿರದ ಕೇಂದ್ರ ಸಿಕ್ಕಿದ್ದು 1965ರಲ್ಲಿ, ಭದ್ರಾವತಿಯಲ್ಲಿ. ನರಸಿಂಹರಾಜಪುರಕ್ಕೆ ಅದು ಸುಮಾರು 50 ಕಿಲೋಮೀಟರು. ಶೃಂಗೇರಿಗೆ ಅದರ ಎರಡರಷ್ಟು. ಇಲ್ಲಿ ಒಂದು ತಾಂತ್ರಿಕ ಸಂಗತಿ ಹೇಳಬೇಕು. ಎಫ್.ಎಂ. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಊರಿಗೆ ಸರಿಯಾಗಿ ಸಿಗುವುದಿಲ್ಲ. ಮಧ್ಯಮ ತರಂಗದ ಅಲೆಗಳು ನೆಲವನ್ನು ಅನುಸರಿಸಿ ಸಾಗುತ್ತವೆ. ಗುಡ್ಡ, ಕಣಿವೆ, ಕಾಡು ದಾಟಿ ಬರುತ್ತವೆ. ಗುಡುಗು ಮಿಂಚಿನ ಹೊತ್ತಿನಲ್ಲಿ ಗೊರಗೊರ ಎನ್ನಬಹುದು, ಆದರೆ ಬರುತ್ತವೆ. ಒಂದೊಂದು ಮನೆ ಒಂದೊಂದು ತೋಟದ ತುದಿಯಲ್ಲಿರುವ ಈ ಸೀಮೆಗೆ ಮಧ್ಯಮ ತರಂಗ ಹೇಳಿ ಮಾಡಿಸಿದಂತಿತ್ತು. ಅಡಿಕೆ ಸುಲಿಯುವ ಚಪ್ಪರದಲ್ಲಿ ಕೈಗೆ ಕೆಲಸ ಇರುತ್ತದೆ, ಕಣ್ಣಿಗೂ ಕೆಲಸ ಇರುತ್ತದೆ. ಕಿವಿ ಮಾತ್ರ ಬಿಡುವಾಗಿರುತ್ತದೆ. ಆ ಕಿವಿಗೆ ಟ್ರಾನ್ಸಿಸ್ಟರ್ ಹಾಡು ತಂದಿತು. ಬಯಲುಸೀಮೆಯ ಗೀಗೀ ಪದವನ್ನು ಮಲೆನಾಡಿನವರು ಕೇಳಿದರು. ಬೀಸುವ ಕಲ್ಲಿನ ಪದವನ್ನು ಕಾಫಿ ತೋಟದವರು ಕೇಳಿದರು. ಈ ಸೀಮೆಯ ಕೊಡುಗೆಯೂ ಇದೆ. ಕೊಪ್ಪದ ಕಡೆಯಿಂದ ಬಂದ ಗಾಯಕಿ ಬಿ.ಕೆ. ಸುಮಿತ್ರ ಅವರ ದನಿಯಲ್ಲಿ ಜನಪದ ಗೀತೆಗಳು ಆಕಾಶವಾಣಿಯ ಮೂಲಕ, ಧ್ವನಿಮುದ್ರಿಕೆಗಳ ಮೂಲಕ ನಾಡಿನ ಮನೆಮನೆ ಹೊಕ್ಕವು. ಜನಪದ ಹಾಡೆಂದರೆ ಹಳ್ಳಿಯ ಒರಟು ಪದ ಎಂದುಕೊಂಡಿದ್ದ ಪೇಟೆಯವರ ಮನಸ್ಸು ಬದಲಾದದ್ದರಲ್ಲಿ ಅಂತಹ ದನಿಗಳ ಪಾಲು ದೊಡ್ಡದು.

ಬಾನುಲಿ ಹಾಡನ್ನು ಗುಡ್ಡ ದಾಟಿಸಿತು, ಅದಕ್ಕೊಂದು ಮರ್ಯಾದೆಯನ್ನೂ ತಂದಿತು. ಇಷ್ಟು ಲಾಭ. ಇದೇ ದಾರಿಯಲ್ಲಿ ಕಳೆದುಹೋದದ್ದು ಏನು? ಬಾನುಲಿಗೆ ಗಡಿಯಾರವೇ ಯಜಮಾನ. ಹತ್ತು ನಿಮಿಷ, ಹದಿನೈದು ನಿಮಿಷ, ಅಷ್ಟರಲ್ಲಿ ಮುಗಿಯಬೇಕು. ರಾತ್ರಿಯಿಡೀ ಹಾಡುವ ಕಥೆಯನ್ನು ಅಷ್ಟಕ್ಕೆ ಇಳಿಸಬೇಕಾದರೆ ಏನನ್ನು ತೆಗೆಯುವುದು? ಕಥೆ ತೆಗೆದರೆ ಅರ್ಥವಾಗುವುದಿಲ್ಲ. ಹಾಗಾಗಿ ಮೊದಲು ಹೋಗುವುದು ಸೊಲ್ಲು. ಒಮ್ಮೆ ಹೇಳಿದ್ದನ್ನು ಮತ್ತೆ ಏಕೆ ಹೇಳುವುದು ಎಂಬ ಲೆಕ್ಕ. ಆಮೇಲೆ ಸ್ಟುಡಿಯೋ ಇದೆ. ಅಲ್ಲಿ ಹಾಡಲು ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ತಪ್ಪಲ್ಲ, ಸಾರ್ವಜನಿಕ ಸಂಸ್ಥೆಗೆ ಒಂದು ಅಳತೆಗೋಲು ಬೇಕು. ಆದರೆ ಅದರ ಫಲ ಏನಾಯಿತು? ಎಷ್ಟೋ ಹಾಡುಗಳನ್ನು ಮೊದಲು ಹಾಡುತ್ತಿದ್ದವರ ಬದಲು ತರಬೇತಾದ ಕಂಠಗಳು ಹಾಡಿದವು. ಕೊಳಲು, ಪಿಟೀಲು, ತಬಲ ಸೇರಿದವು. ಸೊಲ್ಲಿನ ಜಾಗದಲ್ಲಿ ವಾದ್ಯದ ತುಣುಕು ಬಂದು ಕೂತಿತು. ಕೇಳಲು ಇಂಪು. ಆದರೆ ಕೇಳುಗ ಬಾಯಿ ಹಾಕಬೇಕಾದ ಜಾಗದಲ್ಲಿ ಈಗ ಕೊಳಲಿದೆ. ಕೊಳಲಿನ ಜೊತೆ ಹಾಡಲು ಅವನಿಗೆ ಪದವಿಲ್ಲ. ಅವನು ಮೆಚ್ಚಬಹುದು, ಸೇರಲಾರ. ಮೆಚ್ಚುವುದಕ್ಕೂ ಸೇರುವುದಕ್ಕೂ ಇರುವ ಅಂತರವೇ ನನ್ನ ವಾದದ ತಿರುಳು.

ಬಾನುಲಿ ಸೊಲ್ಲನ್ನು ಕಳೆದದ್ದು ಸಮಯದ ಒತ್ತಡಕ್ಕೆ, ಇಂಪಿನ ಆಸೆಗೆ. ಇದನ್ನು ನೆನಪಿಟ್ಟುಕೊಂಡು ವೇದಿಕೆಯ ಕಡೆಗೆ ಬರೋಣ. ವೇದಿಕೆಗೆ ಒಂದು ಶಕ್ತಿ ಇದೆ. ಅಲ್ಲಿ ಹಾಡುವವರೂ ಕೇಳುವವರೂ ಎದುರುಬದುರು. ಮೈಕು ಇದ್ದರೂ ಉಸಿರು ಕಾಣುತ್ತದೆ, ಮುಖ ಕಾಣುತ್ತದೆ. ಕೇಳುಗರು ಸಾವಿರ ಇದ್ದರೆ ಸೊಲ್ಲಿಗೆ ಸಾವಿರ ಬಾಯಿ. ಈ ಶಕ್ತಿ ಬಳಕೆಯಾಗುವುದು ಮಾತ್ರ ಅಪರೂಪ. ನಮ್ಮ ತಾಲ್ಲೂಕಿನ ಉತ್ಸವ, ಸಮ್ಮೇಳನ, ಶಾಲಾ ವಾರ್ಷಿಕೋತ್ಸವಗಳಲ್ಲಿ ಜನಪದ ತಂಡಕ್ಕೆ ಸಿಗುವುದು ಸಾಮಾನ್ಯವಾಗಿ ಐದೋ ಹತ್ತೋ ನಿಮಿಷ. ಅದೂ ಗಣ್ಯರು ಬರುವ ಮೊದಲು, ಇಲ್ಲವೇ ಮೆರವಣಿಗೆಯಲ್ಲಿ. ಅಷ್ಟರಲ್ಲಿ ಎದ್ದು ಕಾಣಬೇಕು. ಹಾಗಾಗಿ ವೇಗ ಹೆಚ್ಚುತ್ತದೆ, ಬಣ್ಣ ಹೆಚ್ಚುತ್ತದೆ, ಸದ್ದು ಹೆಚ್ಚುತ್ತದೆ. ಡೊಳ್ಳು, ವೀರಗಾಸೆಯಂತಹ ಅಬ್ಬರದ ಕಲೆಗಳು ಹೇಗೋ ನಿಭಾಯಿಸುತ್ತವೆ. ಸೋಬಾನೆಯಂತಹ ಮೆಲ್ಲನೆಯ ಹಾಡು ಸೋಲುತ್ತದೆ. ಮುಂದಾಳಿನ ಮುಂದೆ ಮೈಕು, ಹಿಮ್ಮೇಳದ ಮುಂದೆ ಮೈಕು. ಸಭೆಯ ಪಾಲಿಗೆ ಚಪ್ಪಾಳೆ ಮಾತ್ರ. ಚಪ್ಪಾಳೆ ಹಾಡು ಮುಗಿದ ಮೇಲಿನ ಮಾತು. ಸೊಲ್ಲು ಹಾಡಿನ ಒಳಗಿನ ಮಾತು.

ಹೀಗೆ ಬಾನುಲಿಯೂ ವೇದಿಕೆಯೂ ಬೇರೆ ಬೇರೆ ಕಾರಣಕ್ಕೆ ಒಂದೇ ಜಾಗದಲ್ಲಿ ಎಡವುತ್ತವೆ. ಇದಕ್ಕೆ ಪರಿಹಾರ ಏನು? ಎರಡನ್ನೂ ಕೂಡಿಸುವುದು. ಇದು ಹೊಸ ಯೋಚನೆ ಅಲ್ಲ. ಆಹ್ವಾನಿತ ಕೇಳುಗರ ಮುಂದೆ ಕಛೇರಿ ಮಾಡಿಸಿ, ಅದನ್ನು ದೇಶಕ್ಕೆಲ್ಲ ಪ್ರಸಾರ ಮಾಡುವ ಸಂಗೀತ ಸಮ್ಮೇಳನವನ್ನು ಆಕಾಶವಾಣಿ 1954ರಲ್ಲೇ ಆರಂಭಿಸಿತು. ಶಾಸ್ತ್ರೀಯ ಸಂಗೀತಕ್ಕೆ ಅದರಿಂದ ಬಹಳ ಉಪಕಾರವಾಯಿತು. ಜನಪದ ಹಾಡಿಗೆ ಇದು ಹೇಗೆ ಒಗ್ಗುತ್ತದೆ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ನೋಡಿ. ಬ್ರಿಟನ್ನಿನ ಬಿ.ಬಿ.ಸಿ. 1950ರ ದಶಕದಲ್ಲಿ ಸಂಗ್ರಾಹಕರ ಕೈಗೆ ಧ್ವನಿಮುದ್ರಣ ಯಂತ್ರ ಕೊಟ್ಟು ಹಳ್ಳಿಗಳಿಗೆ ಕಳಿಸಿತು. ರೈತರು, ಮೀನುಗಾರರು, ಮನೆವಾರ್ತೆಯ ಹೆಂಗಸರು ಹಾಡಿದ್ದನ್ನು ಅವರವರ ದನಿಯಲ್ಲೇ ಪ್ರಸಾರ ಮಾಡಿತು. ಕೇಳಿದ ತರುಣರು ಸುಮ್ಮನೆ ಕೂರಲಿಲ್ಲ. ಊರೂರುಗಳಲ್ಲಿ ಜನಪದ ಹಾಡಿನ ಕೂಟಗಳು ಹುಟ್ಟಿಕೊಂಡವು. ಹೆಚ್ಚಿನವು ಒಂದು ಸಣ್ಣ ಕೋಣೆಯಲ್ಲಿ ನಡೆಯುತ್ತಿದ್ದವು. ಒಬ್ಬರು ಹಾಡುವುದು, ಸೊಲ್ಲು ಬಂದಾಗ ಎಲ್ಲರೂ ಸೇರುವುದು. ಕೂಟಗಳು ಹೆಚ್ಚಿದ್ದಕ್ಕೆ ಬಾನುಲಿ ಒಂದೇ ಕಾರಣವಲ್ಲ. ಆದರೆ ಕಿಡಿ ಹೊತ್ತಿಸಿದವುಗಳಲ್ಲಿ ಅದೂ ಒಂದು. ನಮ್ಮ ಪಕ್ಕದಲ್ಲೂ ಸಾಕ್ಷಿ ಇದೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಯಕ್ಷಗಾನ ತಾಳಮದ್ದಳೆಯನ್ನು ತನ್ನ ಹೆಮ್ಮೆಯ ಕಾರ್ಯಕ್ರಮವಾಗಿ ಮಾಡಿಕೊಂಡಿತು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ಮಾತನ್ನು ಬಾನುಲಿಯಲ್ಲಿ ಕೇಳಿದವರು ಕೂಟಕ್ಕೆ ಹೋಗುವುದನ್ನು ಬಿಡಲಿಲ್ಲ. ಪ್ರಸಂಗ ಗೊತ್ತಿದ್ದು, ಪದ್ಯ ಗೊತ್ತಿದ್ದು, ಇನ್ನೂ ತಿಳಿದ ಕೇಳುಗರಾಗಿ ಹೋದರು. ಬಾನುಲಿ ಕೇಳಿದರೆ ಜನ ಮನೆ ಬಿಟ್ಟು ಬರುವುದಿಲ್ಲ ಎಂಬ ಮಾತು ಅಲ್ಲಿಯೇ ಸುಳ್ಳಾಯಿತು.

ಕೂಡಿಸಬೇಕು ಎಂದಾಯಿತು. ಕೂಡಿಸುವ ಬಗೆ ಹೇಗೆ? ಮೂರು ಹೆಜ್ಜೆ ಹೇಳುತ್ತೇನೆ. ಮೊದಲ ಹೆಜ್ಜೆ, ಕಾರ್ಯಕ್ರಮಕ್ಕೆ ಮೊದಲು. ಕೊಪ್ಪದಲ್ಲೋ ಶೃಂಗೇರಿಯಲ್ಲೋ ಜನಪದ ಹಾಡಿನ ಸಂಜೆ ಇದೆ ಎಂದುಕೊಳ್ಳಿ. ಅದರ ಹಿಂದಿನ ವಾರ ಬಾನುಲಿಯಲ್ಲಿ ದಿನಕ್ಕೆ ಐದು ನಿಮಿಷ, ಅಲ್ಲಿ ಹಾಡಲಿರುವ ಒಂದೆರಡು ಹಾಡಿನ ಸೊಲ್ಲನ್ನು ಮಾತ್ರ ಹೇಳಿಕೊಡುವುದು. ಪೂರ್ತಿ ಹಾಡು ಬೇಡ. ಒಂದು ಸಾಲು, ನಿಧಾನವಾಗಿ, ವಾದ್ಯವಿಲ್ಲದೆ, ನಾಲ್ಕಾರು ಸಲ. ಎರಡನೆಯ ಹೆಜ್ಜೆ, ಕಾರ್ಯಕ್ರಮದ ದಿನ. ಹಾಡುಗಳ ಸಂಖ್ಯೆ ಕಡಿಮೆ ಮಾಡಿ. ಇಪ್ಪತ್ತು ಹಾಡಿನ ಬದಲು ಐದು ಸಾಕು. ಒಂದೊಂದಕ್ಕೂ ಅದರ ಪೂರ್ತಿ ಅಳತೆ ಕೊಡಿ. ಸಭೆಯ ನಡುವೆ ಒಂದೆರಡು ಮೈಕು ಇಡಿ. ಮುಂದಾಳು ಸಾಲು ಎತ್ತಲಿ, ಸಭೆ ಸೊಲ್ಲು ಹಿಡಿಯಲಿ. ಮೂರನೆಯ ಹೆಜ್ಜೆ, ಕಾರ್ಯಕ್ರಮದ ನಂತರ. ಅದನ್ನು ಸಭೆಯ ದನಿಯೊಂದಿಗೆ ಪ್ರಸಾರ ಮಾಡಿ. ಸೊಲ್ಲು ಕತ್ತರಿಸಬೇಡಿ. ಹಾಡಿದವರ ಹೆಸರು, ಊರು ಹೇಳಿ. ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ಆ ಹಾಡು ಹಾಡುತ್ತಿದ್ದರು ಎಂಬುದನ್ನು ಎರಡು ಮಾತಿನಲ್ಲಿ ತಿಳಿಸಿ. ಮನೆಯಲ್ಲಿ ಕೇಳುವವರಿಗೆ ಆಗ ಒಂದು ಸಂಗತಿ ಗೊತ್ತಾಗುತ್ತದೆ. ತಮ್ಮಂತಹವರೇ ಹಾಡುತ್ತಿದ್ದಾರೆ, ತಾವೂ ಹಾಡಬಹುದು. ಇದಕ್ಕೆ ದೊಡ್ಡ ಕೇಂದ್ರವೇ ಬೇಕೆಂದೇನಿಲ್ಲ. ಸಂಘಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಲು 2006ರಿಂದ ಅವಕಾಶವಿದೆ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಪ್ರಯತ್ನ ನಡೆಯಿತು. ಪ್ರಸಾರದ ಪರವಾನಗಿ ಇರಲಿಲ್ಲ. ಕೇಬಲ್ ತಂತಿಯಲ್ಲೇ ಊರಿನವರ ದನಿಯನ್ನು ಊರಿನ ಮನೆಗಳಿಗೆ ಮುಟ್ಟಿಸಿದರು.

ಮೂರು ಹೆಜ್ಜೆಯ ಸಾರ ಒಂದೇ: ಬಾನುಲಿ ಸೊಲ್ಲು ಕಲಿಸಲಿ, ವೇದಿಕೆ ಅದನ್ನು ಹಾಡಿಸಲಿ, ಬಾನುಲಿ ಮತ್ತೆ ಅದನ್ನು ಕೇಳಿಸಲಿ. ಈಗ ಇದರ ವಿರುದ್ಧ ಬರುವ ಮಾತುಗಳಿಗೆ ಬರೋಣ. ಮೊದಲನೆಯ ಆಕ್ಷೇಪ ಗಟ್ಟಿಯಾದದ್ದು. ಜನಪದ ಹಾಡು ಅದರ ಸಂದರ್ಭದಲ್ಲೇ ಬದುಕುತ್ತದೆ. ನಾಟಿ ಇಲ್ಲದೆ ನಾಟಿಯ ಪದ ಏನು? ದೀಪವಿಲ್ಲದೆ ಅಂಟಿಗೆ-ಪಂಟಿಗೆ ಏನು? ಗದ್ದೆಯಿಂದ ಕಿತ್ತು ವೇದಿಕೆಗೆ ತಂದರೆ ಅದು ಬೇರೆಯೇ ವಸ್ತು. ಈ ಮಾತಿನ ಅರ್ಧ ಸತ್ಯ. ಅಂಟಿಗೆ-ಪಂಟಿಗೆಯ ದೀಪಕ್ಕೆ ಬದಲಿ ಇಲ್ಲ, ಅದು ಮನೆಬಾಗಿಲಿಗೇ ಬರಬೇಕು. ಆದರೆ ಉಳಿದ ಸಂದರ್ಭಗಳನ್ನು ವೇದಿಕೆ ಕಿತ್ತುಕೊಂಡಿತೆಂಬುದು ಸರಿಯಲ್ಲ. ಗದ್ದೆಗಳು ಅಡಿಕೆ ತೋಟಗಳಾಗಿವೆ. ಎಷ್ಟೋ ಕಡೆ ನಾಟಿಗೂ ಯಂತ್ರ ಬಂದಿದೆ. ಮದುವೆಗಳು ಕಲ್ಯಾಣ ಮಂಟಪಕ್ಕೆ ಹೋಗಿವೆ, ಅಲ್ಲಿ ಧ್ವನಿವರ್ಧಕದ ಸಿನಿಮಾ ಹಾಡಿನ ಎದುರು ಸೋಬಾನೆ ಕೇಳಿಸುವುದಿಲ್ಲ. ಸಂದರ್ಭ ತಾನಾಗಿಯೇ ಕುಗ್ಗಿದೆ. ನೆನಪಿಡಿ, ಹಾಡನ್ನು ಸಂದರ್ಭದಿಂದ ಬೇರೆ ಮಾಡಿದ ಮೊದಲಿಗರು ಬಾನುಲಿಯವರಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ ಬೀಸುವ ಕಲ್ಲು ಪುಸ್ತಕದಲ್ಲಿ ಇರಲಿಲ್ಲ, ಧಾಟಿಯೂ ಇರಲಿಲ್ಲ, ಪದ ಮಾತ್ರ ಇತ್ತು. ಆದರೂ ಆ ಪುಸ್ತಕ ಕನ್ನಡ ಓದುಗರ ಮನಸ್ಸಿನಲ್ಲಿ ಜನಪದ ಹಾಡಿಗೆ ಜಾಗ ಮಾಡಿಕೊಟ್ಟಿತು. ಪುಸ್ತಕಕ್ಕಿಂತ ಬಾನುಲಿ ಹಾಡಿಗೆ ಹತ್ತಿರ, ಏಕೆಂದರೆ ಅಲ್ಲಿ ದನಿಯಾದರೂ ಇದೆ. ಹಾಗಾಗಿ ಸಂದರ್ಭವನ್ನು ಪೂರ್ತಿ ತರಲಾಗದಿದ್ದರೂ ಹೊಂದಿಸಬಹುದು. ದೀಪಾವಳಿಯ ವಾರ ಅಂಟಿಗೆ-ಪಂಟಿಗೆ, ಮಳೆಗಾಲದಲ್ಲಿ ನಾಟಿಯ ಪದ, ಮದುವೆಯ ದಿನಗಳಲ್ಲಿ ಸೋಬಾನೆ ಪ್ರಸಾರವಾಗಲಿ. ಕೇಳಿದ್ದನ್ನು ಅದೇ ವಾರ ಮನೆಯಲ್ಲಿ ಹಾಡುವ ಅವಕಾಶ ಆಗ ಇರುತ್ತದೆ.

ಸಂದರ್ಭದ ಮಾತಾಯಿತು. ಎರಡನೆಯ ಆಕ್ಷೇಪ, ಇವತ್ತು ಬಾನುಲಿ ಯಾರು ಕೇಳುತ್ತಾರೆ ಎಂಬುದು. ಬೇಕಾದ ಹಾಡು ಮೊಬೈಲಿನಲ್ಲಿ ಬೇಕಾದಾಗ ಸಿಗುತ್ತದೆ. ಕೇಳುಗರು ಕಡಿಮೆಯಾಗಿದ್ದಾರೆ ಎಂಬುದನ್ನು ಒಪ್ಪೋಣ. ಆದರೆ ಈ ಮೂರು ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಮೊಬೈಲ್ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕು. ಅದಿರಲಿ, ಸಿಗ್ನಲ್ ಎಲ್ಲ ಕಡೆ ಬಂದಿತೆಂದೇ ಇಟ್ಟುಕೊಳ್ಳೋಣ. ಮೊಬೈಲಿನಲ್ಲಿ ಹಾಡು ಸಿಗುವುದು ಹುಡುಕುವವರಿಗೆ. ಹುಡುಕಬೇಕಾದರೆ ಹೆಸರು ಗೊತ್ತಿರಬೇಕು. ಅಂಟಿಗೆ-ಪಂಟಿಗೆ ಎಂಬ ಹೆಸರನ್ನೇ ಕೇಳದ ಹುಡುಗ ಅದನ್ನು ಹುಡುಕುವುದಿಲ್ಲ. ಬಾನುಲಿ ಕೇಳದೆಯೇ ಕಿವಿಗೆ ಹಾಕುತ್ತದೆ. ಕೃಷಿರಂಗಕ್ಕೋ ವಾರ್ತೆಗೋ ಕಾದು ಕೂತವರಿಗೆ ನಡುವೆ ಒಂದು ಹಾಡು ಸಿಗುತ್ತದೆ. ಪ್ರೀತಿ ಹುಟ್ಟುವುದು ಎಷ್ಟೋ ಸಲ ಹೀಗೆಯೇ. ಇನ್ನು, ಬಾನುಲಿಗೂ ಮೊಬೈಲಿಗೂ ಜಗಳವಿಲ್ಲ. ಆಕಾಶವಾಣಿಯ ಅನೇಕ ಕೇಂದ್ರಗಳು ಈಗ ಮೊಬೈಲಿನಲ್ಲೂ ಸಿಗುತ್ತವೆ. ಸಾಧನ ಯಾವುದಾದರೂ ಇರಲಿ, ಸೊಲ್ಲು ಕತ್ತರಿಸದೆ ಕೊಡುತ್ತೇವೆಯೇ ಎಂಬುದು ಪ್ರಶ್ನೆ. ಅರ್ಧ ನಿಮಿಷದ ತುಣುಕುಗಳ ಈ ಕಾಲದಲ್ಲಿ ಪೂರ್ತಿ ಹಾಡಿಗೆ ಸಮಯ ಕೊಡಬಲ್ಲ ಸಾರ್ವಜನಿಕ ಜಾಗ ಬಾನುಲಿ. ಒಂದು ಕಾಲಕ್ಕೆ ಅದಕ್ಕೆ ಕೊರತೆಯಾಗಿದ್ದ ಗಡಿಯಾರ, ಹೋಲಿಸಿ ನೋಡಿದರೆ, ಇಂದು ಉದಾರವಾಗಿ ಕಾಣುತ್ತದೆ.

ಬಾನುಲಿ ಹಳತಾದರೂ ಕೆಲಸಕ್ಕೆ ಬರುತ್ತದೆ ಎಂದಾಯಿತು. ಮೂರನೆಯ ಆಕ್ಷೇಪ ಗುಣಮಟ್ಟದ್ದು. ಸಭೆಯೆಲ್ಲ ಹಾಡಿದರೆ ಶ್ರುತಿ ಎಲ್ಲಿ, ತಾಳ ಎಲ್ಲಿ? ಹಾಡು ಕೆಡುವುದಿಲ್ಲವೇ? ಕೆಡುತ್ತದೆ, ಮೊದಲ ಸಲ. ಹೊಸ ಹುಡುಗ ಸೇರಿದ ಮೊದಲ ರಾತ್ರಿ ಅಂಟಿಗೆ-ಪಂಟಿಗೆಯ ತಂಡವೂ ಸ್ವಲ್ಪ ಕೆಡುತ್ತಿತ್ತು. ಅದನ್ನು ತಾಳಿಕೊಂಡದ್ದರಿಂದಲೇ ತಂಡ ಉಳಿಯಿತು. ಮುಂದಾಳಿನ ಸಾಲು ಪಳಗಿದ ಕಂಠದ್ದೇ ಇರಲಿ, ಅದರಲ್ಲಿ ರಾಜಿ ಬೇಡ. ಸೊಲ್ಲು ಎಲ್ಲರದಿರಲಿ. ಹಾಡಿನ ರಚನೆಯೇ ಈ ಕೆಲಸ ಹಂಚಿಕೊಟ್ಟಿದೆ. ಇದರ ಜೊತೆಗೇ ಬರುವ ಇನ್ನೊಂದು ಮಾತು ನ್ಯಾಯದ್ದು. ಎಲ್ಲರೂ ಹಾಡಿದರೆ ಕಲಾವಿದರಿಗೆ ಏನು ಉಳಿಯಿತು? ಹಾಡು ಊರಿನದು ಎಂದು ಹೇಳಿ ಹಾಡಿದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಇದೆ. ಅದು ನಿಲ್ಲಬೇಕು. ಸುಗಮ ಸಂಗೀತದ ಗಾಯಕರಿಗೆ ಸಂಭಾವನೆ ಇದ್ದ ಹಾಗೆ ಸೋಬಾನೆ ಎತ್ತುವ ಹಿರಿಯರಿಗೂ ಇರಬೇಕು, ಹೋಗಿಬರುವ ಖರ್ಚೂ ಸೇರಿ. ಈ ಸೀಮೆಯ ಹಸಲರು, ಗೌಡಲು ಮೊದಲಾದ ಸಮುದಾಯಗಳ ಹಾಡನ್ನು ತರುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಯಾವುದನ್ನು ಹೊರಗೆ ಹಾಡಬಹುದು, ಯಾವುದು ತಮ್ಮ ಪೂಜೆಗಷ್ಟೇ ಮೀಸಲು ಎಂಬುದನ್ನು ಅವರೇ ತೀರ್ಮಾನಿಸಬೇಕು. ಸಭೆಗೆ ಸೊಲ್ಲು ಕೊಡುವುದು ಹಾಡಿನ ಒಡೆತನವನ್ನು ಕಿತ್ತುಕೊಳ್ಳುವ ನೆಪವಾಗಬಾರದು. ಸಭೆ ಸೇರಿ ಹಾಡಿದಷ್ಟೂ ಮುಂದಾಳಿನ ಬೆಲೆ ಹೆಚ್ಚುತ್ತದೆ. ಸೊಲ್ಲು ಹೇಳಿ ನೋಡಿದವರಿಗೆ ಮಾತ್ರ ಸಾಲು ಎತ್ತುವುದು ಎಷ್ಟು ಕಷ್ಟ ಎಂದು ಗೊತ್ತಾಗುವುದು.

ಬಂಧುಗಳೇ, ಹೇಳಿದ್ದನ್ನು ಒಟ್ಟು ಮಾಡುತ್ತೇನೆ. ಜನಪದ ಹಾಡು ಕೇಳುಗರನ್ನು ಒಳಗೆ ಕರೆದುಕೊಂಡು ಬೆಳೆದದ್ದು. ಬಾನುಲಿ ಅದನ್ನು ದೂರಕ್ಕೆ ಒಯ್ದಿತು, ವೇದಿಕೆ ಅದಕ್ಕೆ ಬೆಳಕು ಕೊಟ್ಟಿತು. ಎರಡೂ ಕೇಳುಗರನ್ನು ಹೊಸ್ತಿಲಲ್ಲೇ ನಿಲ್ಲಿಸಿದವು. ಅವರನ್ನು ಸೊಲ್ಲಿನ ಮೂಲಕ ಮತ್ತೆ ಒಳಗೆ ಕರೆಯಲು ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಮೊದಲ ಅಗತ್ಯವಲ್ಲ. ಕಾರ್ಯಕ್ರಮದ ಪಟ್ಟಿ ಚಿಕ್ಕದು ಮಾಡುವ ಧೈರ್ಯ ಬೇಕು. ಹಾಡಿಗೆ ಪೂರ್ತಿ ಸಮಯ ಕೊಡುವ ತಾಳ್ಮೆ ಬೇಕು. ಕಾರ್ಯಕ್ರಮ ಮುಗಿದ ಮೇಲೆ ಸಂಘಟಕರು ಎಷ್ಟು ಕುರ್ಚಿ ತುಂಬಿತ್ತು ಎಂದು ಎಣಿಸುತ್ತಾರೆ. ಬಾನುಲಿಯವರು ಎಷ್ಟು ಪತ್ರ ಬಂತು ಎಂದು ಎಣಿಸುತ್ತಾರೆ. ಎಣಿಸಲಿ, ತಪ್ಪಿಲ್ಲ. ಆದರೆ ಮರುವರ್ಷದ ದೀಪಾವಳಿಗೆ ತಂಡದಲ್ಲಿ ಎಷ್ಟು ಹೊಸಬರು ಸೇರಿದರು, ಮುಂದಿನ ಮದುವೆಯಲ್ಲಿ ಎಷ್ಟು ಜನ ಸೋಬಾನೆಗೆ ದನಿಗೂಡಿಸಿದರು ಎಂಬುದನ್ನೂ ವಿಚಾರಿಸಲಿ. ಆ ಲೆಕ್ಕ ಏರಿದರೆ ನಮ್ಮ ಪ್ರೀತಿ ಇನ್ನೊಬ್ಬರಿಗೆ ದಾಟಿದೆ ಎಂದು ಧೈರ್ಯವಾಗಿ ಹೇಳಬಹುದು. ಏರದಿದ್ದರೆ ಹಾಡನ್ನು ನಾವು ಚೆನ್ನಾಗಿ ಪ್ರದರ್ಶಿಸಿದೆವು, ಅಷ್ಟೇ.